ಓದುಗರ ಪ್ರಶ್ನೆ: ಮನೆಗೊಂದು ಕೋವಿ ಬೇಕಾ?

ಹೋದ ಸಂಚಿಕೆಯಲ್ಲಿ ಓದುಗರೊಬ್ಬರು "ಸಾಮಾನ್ಯ ಜನರೂ ಬಂದೂಕು ಇಟ್ಟುಕೊಳ್ಳಲು ಬಿಡಬೇಕಲ್ವಾ?" ಎಂದು ಕೇಳಿದ್ದರು. "ಬೇಕಾದವರಿಗೆ ಲೈಸೆನ್ಸ್ ಇದೆಯಲ್ಲ, ಎಲ್ಲರಿಗೂ ಯಾಕೆ?" ಎಂದು ಬರೆದು ಮುಗಿಸಿದ್ದೆ. ನಮ್ಮ ಓದುಗರು ಅಷ್ಟಕ್ಕೇ ಬಿಡುವವರಾ? ಮಲೆನಾಡಿನವರು ಬೈದಿದ್ದಾರೆ, ಬೆಂಗಳೂರಿನವರು ವಾದಕ್ಕೆ ಬಂದಿದ್ದಾರೆ, ಅಮೆರಿಕದಿಂದಲೂ ಒಂದು ಪತ್ರ ಬಂದಿದೆ. ಹಾಗಾಗಿ ಈ ಸಲದ ಪುಟ ಪೂರ್ತಿ ಕೋವಿಗೇ ಮೀಸಲು. ಯಾರ ಹೆಸರನ್ನೂ ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ನಮ್ಮದು ಬೆಂಗಳೂರಿನ ಹೊರಗಿನ ಹೊಸ ಬಡಾವಣೆ. ಮನೆಗಳು ದೂರ ದೂರ, ಬೀದಿದೀಪ ಇಲ್ಲ. ಇತ್ತೀಚೆಗೆ ಪಕ್ಕದ ರಸ್ತೆಯಲ್ಲಿ ಕಳ್ಳತನ ಆಯ್ತು. ಪೊಲೀಸರು ಬಂದಿದ್ದು ಎಲ್ಲ ಮುಗಿದ ಮೇಲೆ. ಅಮೆರಿಕದವರ ಹಾಗೆ ನಾವೂ ಒಂದು ಪಿಸ್ತೂಲು ಇಟ್ಟುಕೊಂಡರೆ ತಪ್ಪೇನು? (ಆನೇಕಲ್ ಕಡೆಯಿಂದ)

ಉತ್ತರ: ತಪ್ಪು ಒಪ್ಪು ಆಮೇಲೆ ನೋಡೋಣ. ಕೆಲಸಕ್ಕೆ ಬರುತ್ತಾ ಅನ್ನೋದು ಮೊದಲ ಮಾತು.

ರಾತ್ರಿ ಎರಡೂವರೆ ಅಂದುಕೊಳ್ಳಿ. ಹಿಂಬಾಗಿಲ ಚಿಲಕ ಅಲ್ಲಾಡಿದ ಸದ್ದು. ನೀವು ಎದ್ದಿರಿ. ಪಿಸ್ತೂಲು ಎಲ್ಲಿದೆ? ಬುದ್ಧಿವಂತರಾದ್ದರಿಂದ ಬೀರುವಿನ ಲಾಕರಿನಲ್ಲಿ ಇಟ್ಟಿದ್ದೀರಿ, ಗುಂಡು ಬೇರೆ ಡ್ರಾಯರಿನಲ್ಲಿ, ಕೀಲಿಕೈ ಹೆಂಡತಿಯ ಹತ್ತಿರ. ಕತ್ತಲಲ್ಲಿ ಕನ್ನಡಕ ಹುಡುಕಿ, ಕೀಲಿ ಹುಡುಕಿ, ನಡುಗುವ ಕೈಯಲ್ಲಿ ಗುಂಡು ತುಂಬಿ ನೀವು ಹಜಾರಕ್ಕೆ ಬರುವ ಹೊತ್ತಿಗೆ ಅಲ್ಲಿ ಯಾರೋ ನಿಂತಿದ್ದಾರೆ. ಕಳ್ಳನಾ? ನೀರು ಕುಡಿಯಲು ಎದ್ದ ಮಗನಾ? ಊರಿಂದ ಬಂದು ಮಲಗಿದ್ದ ಷಡ್ಡಕನಾ? ಇದೆಲ್ಲ ರಗಳೆ ಬೇಡ, ಗುಂಡು ತುಂಬಿ ದಿಂಬಿನ ಕೆಳಗೇ ಇಡುತ್ತೇನೆ ಅಂದರೆ, ಹಗಲು ಹೊತ್ತಿನಲ್ಲಿ ಆ ದಿಂಬಿನ ಮೇಲೆ ಯಾರು ಕುಣಿಯುತ್ತಾರೆ ಅನ್ನೋದನ್ನೂ ಯೋಚಿಸಿ.

ಇನ್ನು ಕಾನೂನು. ಆತ್ಮರಕ್ಷಣೆಯ ಹಕ್ಕು ನಿಮಗೆ ಈಗಲೇ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರವರೆಗಿನ ಕಲಮುಗಳು ಅದಕ್ಕೇ ಇವೆ. ಸೂರ್ಯ ಮುಳುಗಿದ ಮೇಲೆ ಮನೆಗೆ ಕನ್ನ ಹಾಕಿದವನನ್ನು ತಡೆಯುವಾಗ ಅವನ ಜೀವ ಹೋದರೂ ಕಾನೂನು ನಿಮ್ಮ ಪರ ನಿಲ್ಲಬಹುದು. ಆದರೆ ಬೇಕಾದ್ದಕ್ಕಿಂತ ಜಾಸ್ತಿ ಪೆಟ್ಟು ಕೊಡುವಂತಿಲ್ಲ. ಕಾಂಪೌಂಡ್ ಹಾರಿ ಓಡುತ್ತಿರುವವನ ಬೆನ್ನಿಗೆ ಹೊಡೆದಿರೋ, ಆಮೇಲೆ ಕೋರ್ಟಿನಲ್ಲಿ ಕಟಕಟೆ ಹತ್ತುವವರು ನೀವು.

ಅಮೆರಿಕದ ಮಾತು ಎತ್ತಿದ್ದೀರಿ. 2021ರಲ್ಲಿ ಅಲ್ಲಿ ಗುಂಡಿಗೆ ಸತ್ತವರು 48,830 ಜನ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ, 26 ಸಾವಿರದ ಮೇಲೆ, ತಮ್ಮ ಜೀವ ತಾವೇ ತೆಗೆದುಕೊಂಡವರು. ಕಳ್ಳನಿಗೆ ಅಂತ ತಂದ ಬಂದೂಕು ಕೊನೆಗೆ ಮನೆಯವರ ಮೇಲೇ ತಿರುಗಿದ ಲೆಕ್ಕ ಇದು. ಸಾಲ, ಜಗಳ, ಕುಡಿತ, ಪರೀಕ್ಷೆಯಲ್ಲಿ ಫೇಲು, ಇವೆಲ್ಲ ನಮ್ಮ ಮನೆಗಳಲ್ಲೂ ಇವೆ. ಕೆಟ್ಟ ಗಳಿಗೆ ಒಂದು ಬರುತ್ತದೆ, ಹೋಗುತ್ತದೆ. ಆ ಗಳಿಗೆಯಲ್ಲಿ ಕೈಗೆ ಏನು ಸಿಗುತ್ತದೆ ಅನ್ನೋದರ ಮೇಲೆ ಎಷ್ಟೋ ಜೀವ ನಿಂತಿರುತ್ತದೆ. ನನಗೆ ಕಳ್ಳನಿಗಿಂತ ಇದರ ಭಯವೇ ಜಾಸ್ತಿ.

ನಿಮ್ಮ ಬಡಾವಣೆಗೆ ಸದ್ಯಕ್ಕೆ ಬೇಕಾಗಿರೋದು ಬೀದಿದೀಪ, ರಾತ್ರಿ ಬೀಟ್ ಪೊಲೀಸ್, ಜೋರಾಗಿ ಬೊಗಳುವ ಒಂದು ನಾಯಿ. ಮೂರನೆಯದು ಇವತ್ತೇ ಸಿಗುತ್ತದೆ.

ಪ್ರಶ್ನೆ: ನಿಮಗೇನು ಸ್ವಾಮಿ, ಪೇಟೆಯಲ್ಲಿ ಕೂತು ಬರೆಯುತ್ತೀರಿ. ನಮ್ಮ ತೋಟಕ್ಕೆ ಬನ್ನಿ. ಹಂದಿ, ಮಂಗ, ಕಾಡುಕೋಣ ಮೂರೂ ಸೇರಿ ಬೆಳೆ ನುಂಗುತ್ತಿವೆ. ಇರೋ ಒಂದು ಕೇಪಿನ ಕೋವಿಯನ್ನೂ ಎಲೆಕ್ಷನ್ ಬಂತು ಅಂತ ಠಾಣೆಗೆ ತಂದುಕೊಡಿ ಅನ್ನುತ್ತಾರೆ. ನಾವೇನು ಬೂತ್ ಲೂಟಿ ಮಾಡುವವರಾ? (ತೀರ್ಥಹಳ್ಳಿಯಿಂದ)

ಉತ್ತರ: ಬೈದದ್ದು ಸರಿಯಾಗಿಯೇ ಇದೆ. ನಿಮ್ಮ ಕೋವಿಯ ತಂಟೆಗೆ ನಾನು ಬಂದಿಲ್ಲ.

ಕೇಪಿನ ಕೋವಿ ನೋಡಿಲ್ಲದ ಓದುಗರಿಗೆ ಒಂದು ಮಾತು. ಅದಕ್ಕೆ ಸಿನಿಮಾದಲ್ಲಿ ತೋರಿಸುವ ಬಂದೂಕಿನ ಗತ್ತು ಏನೂ ಇಲ್ಲ. ನಳಿಕೆಯ ಬಾಯಿಂದ ಮದ್ದು ಸುರಿಯಬೇಕು, ಮೇಲೆ ತೆಂಗಿನ ನಾರು ತುರುಕಿ ಗಜದಿಂದ ಗಿಡಿಯಬೇಕು, ಆಮೇಲೆ ಚರೆ ಅನ್ನುವ ಸಣ್ಣ ಗುಂಡುಗಳು, ಮತ್ತೆ ನಾರು, ಮತ್ತೆ ಗಿಡಿ. ಕೊನೆಗೆ ಕುದುರೆ, ಅಂದರೆ ಬಡಿಯುವ ಕೊಕ್ಕೆ, ಎತ್ತಿ ಕಿಡಿ ಹೊತ್ತಿಸುವ ಕೇಪು ಕೂರಿಸಬೇಕು. ಇಷ್ಟೆಲ್ಲ ಮಾಡಿ ಒಂದೇ ಒಂದು ಈಡು. ಮಳೆಗಾಲದಲ್ಲಿ ಮದ್ದು ತಂಡಿ ಹಿಡಿದರೆ ಅದೂ ಇಲ್ಲ, ಟುಸ್. ಎಷ್ಟೋ ಮನೆಗಳಲ್ಲಿ ಇದರ ಕೆಲಸ ಬರೀ ಮದ್ದು ತುಂಬಿ ಶಬ್ದ ಮಾಡೋದು. ಅಡಿಕೆ ತೋಟದ ಆ ತುದಿಯಲ್ಲಿ ಮಂಗನ ಹಿಂಡು ಎಳೆಗಾಯಿ ಉದುರಿಸುತ್ತಿದ್ದರೆ ಈ ತುದಿಯಿಂದ ಒಂದು ಢಂ. ಅಷ್ಟೇ. ಎರಡು ದಿನಕ್ಕೆ ಮಂಗಗಳಿಗೂ ಅದು ಗೊತ್ತಾಗಿಬಿಡುತ್ತದೆ ಅನ್ನೋದು ಬೇರೆ ಮಾತು.

1959ರ ಶಸ್ತ್ರಾಸ್ತ್ರ ಕಾಯ್ದೆ ಬರೆದವರಿಗೆ ಇದು ಗೊತ್ತಿತ್ತು. ನಿಜವಾದ ಬೆಳೆ ರಕ್ಷಣೆಗೆ ಬಾಯಿಂದ ಮದ್ದು ತುಂಬುವ ಕೋವಿ ಬೇಕು ಅಂತ ಕೇಳಿದರೆ, ಬೇರೆ ಅಡ್ಡಿ ಇಲ್ಲದಿದ್ದರೆ, ಲೈಸೆನ್ಸ್ ಕೊಡಬೇಕು ಎಂದು 13ನೇ ಕಲಮು ಹೇಳುತ್ತದೆ. ಅದು ಸಾಕಾಗುವುದಿಲ್ಲ ಅಂತ ಕಂಡರೆ ತೋಟಾ (ಕಾರ್ಟ್ರಿಜ್) ಹಾಕುವ ಕೋವಿಯನ್ನೂ ಕೊಡಬಹುದು. ಇನ್ನೊಂದು ಚೆಂದದ ಸಾಲು 14ನೇ ಕಲಮಿನಲ್ಲಿದೆ: ಅರ್ಜಿದಾರನಿಗೆ ಸಾಕಷ್ಟು ಆಸ್ತಿ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಲೈಸೆನ್ಸ್ ನಿರಾಕರಿಸುವಂತಿಲ್ಲ. ಕಾಗದದ ಮೇಲೆ ಎರಡೆಕರೆ ರೈತನೂ ಒಂದೇ, ಎಸ್ಟೇಟ್ ಧಣಿಯೂ ಒಂದೇ. ಆದರೆ ನಡೆಯೋದು ಹಾಗಾ? ರೈತ ಠಾಣೆ, ತಾಲ್ಲೂಕು ಕಚೇರಿ, ಡಿಸಿ ಕಚೇರಿ ಅಂತ ಚಪ್ಪಲಿ ಸವೆಸುತ್ತಾನೆ. ರಿಯಲ್ ಎಸ್ಟೇಟಿನವನ ಸೊಂಟದಲ್ಲಿ ರಿವಾಲ್ವರ್ ಆರಾಮಾಗಿ ಕೂತಿರುತ್ತದೆ, ಅದೂ ಎಲ್ಲರಿಗೂ ಕಾಣುವ ಹಾಗೆ. ಕೋವಿಯ ವಿಷಯದಲ್ಲಿ ನನ್ನ ಸಿಟ್ಟೆಲ್ಲ ಇರೋದು ಇಲ್ಲಿಯೇ. ಬೇಕಾದವನಿಗೆ ಬೇಗ, ಶೋಕಿಗೆ ಕೇಳುವವನಿಗೆ ಕಷ್ಟ ಅಂತ ಇರಬೇಕಿತ್ತು. ನಮ್ಮಲ್ಲಿ ಉಲ್ಟಾ.

ಎಲೆಕ್ಷನ್ ವಿಷಯಕ್ಕೆ ಬರೋಣ. ನೀತಿ ಸಂಹಿತೆ ಬಂದ ಕೂಡಲೇ ಲೈಸೆನ್ಸ್ ಇರುವ ಕೋವಿಗಳನ್ನು ಠೇವಣಿ ಇಡಿ ಎಂದು ಜಿಲ್ಲಾಡಳಿತ ಆದೇಶ ಹೊರಡಿಸುತ್ತದೆ. ವಿಧಾನಸಭೆ, ಲೋಕಸಭೆ, ಪಂಚಾಯ್ತಿ, ಒಂದಾದ ಮೇಲೊಂದು. ಕೋವಿಗೆ ರಟ್ಟಿನ ಚೀಟಿ ಕಟ್ಟಿ, ಸುತಲಿ ಸುತ್ತಿ, ಠಾಣೆಯ ಒಂದು ಮೂಲೆಯಲ್ಲಿ ಸೌದೆ ಹಾಗೆ ಒರಗಿಸಿ ಇಡುತ್ತಾರೆ. ವಾಪಸ್ ಬರುವಾಗ ತುಕ್ಕು ಉಚಿತ. ಚುನಾವಣಾ ಆಯೋಗದ ಸೂಚನೆಯಲ್ಲಿ ಎಲ್ಲರದ್ದೂ ಕಸಿದುಕೊಳ್ಳಿ ಅಂತ ಇಲ್ಲ. ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಕೂತು, ಯಾರ ಮೇಲೆ ಕೇಸಿದೆ, ಯಾರಿಂದ ಗಲಾಟೆ ಆಗಬಹುದು ಅಂತ ನೋಡಿ ತೀರ್ಮಾನ ಮಾಡಬೇಕು. ಒಬ್ಬೊಬ್ಬರದ್ದೇ ನೋಡುವ ಕಷ್ಟ ಯಾರಿಗೆ ಬೇಕು ಅಂತ ಒಂದೇ ಆದೇಶದಲ್ಲಿ ಮುಗಿಸುತ್ತಾರೆ. ವಿನಾಯ್ತಿ ಬೇಕಾದರೆ ಆ ಸಮಿತಿಗೆ ಅರ್ಜಿ ಹಾಕಿ, ಬೆಳೆ ಹಾನಿಗೆ ಅರಣ್ಯ ಇಲಾಖೆಯಲ್ಲಿ ಪರಿಹಾರ ಕೇಳಿದ ಅರ್ಜಿಯ ಪ್ರತಿ ಜೊತೆಗಿಡಿ. ಒಬ್ಬರೇ ಹೋಗಬೇಡಿ, ಊರಿನವರೆಲ್ಲ ಒಟ್ಟಿಗೆ ಹೋಗಿ.

ಒಂದು ಎಚ್ಚರ. ಕೋವಿಗೆ ಲೈಸೆನ್ಸ್ ಇದೆ ಅಂದರೆ ಹಂದಿ ಹೊಡೆಯಲು ಲೈಸೆನ್ಸ್ ಇದೆ ಅಂತಲ್ಲ. 1972ರ ವನ್ಯಜೀವಿ ಕಾಯ್ದೆ ಬೇರೆಯೇ ಇದೆ. ಪಕ್ಕದ ಕೇರಳದಲ್ಲಿ 2022ರಿಂದ ಪಂಚಾಯ್ತಿ ಅಧ್ಯಕ್ಷರಿಗೇ ಬೆಳೆ ಹಾಳು ಮಾಡುವ ಹಂದಿಯನ್ನು ಲೈಸೆನ್ಸ್‌ದಾರರಿಂದ ಹೊಡೆಸುವ ಅಧಿಕಾರ ಕೊಟ್ಟಿದ್ದಾರೆ. ಕಾಸರಗೋಡಿನ ಕನ್ನಡದ ರೈತರಿಗೆ ಸಿಕ್ಕ ಆ ದಾರಿ ಗಡಿಯ ಈಚೆ ಪುತ್ತೂರು, ಸುಳ್ಯದವರಿಗೂ ಸಿಗಬೇಕು ಅನ್ನೋದಕ್ಕೆ ನನ್ನ ಬೆಂಬಲ ಇದೆ. ರಾತ್ರಿ ಟಾರ್ಚ್ ಕಟ್ಟಿಕೊಂಡು ಶಿಕಾರಿಗೆ ಹೋಗಿ ಪೊದೆ ಅಲ್ಲಾಡಿದ್ದಕ್ಕೆ ಈಡು ಹೊಡೆದು, ಹತ್ತಿರ ಹೋಗಿ ನೋಡಿದರೆ ಜೊತೆಗೆ ಬಂದ ಗೆಳೆಯನೇ ಬಿದ್ದಿರುವ ಸುದ್ದಿ ನಿಮ್ಮ ಕಡೆಯಿಂದ ಆಗಾಗ ಬರುತ್ತದೆ. ಅದಕ್ಕೆ ಮಾತ್ರ ನನ್ನ ಬೆಂಬಲ ಕೇಳಬೇಡಿ.

ಪ್ರಶ್ನೆ: ಕೊಡಗಿನವರಿಗೆ ಮಾತ್ರ ಲೈಸೆನ್ಸ್ ಬೇಡವಂತೆ. ಸಂವಿಧಾನ ಎಲ್ಲರಿಗೂ ಒಂದೇ ಅಲ್ವಾ? ಪಕ್ಕದ ಸಕಲೇಶಪುರದವರು ಏನು ಪಾಪ ಮಾಡಿದ್ದೇವೆ? (ಸಕಲೇಶಪುರದಿಂದ)

ಉತ್ತರ: ಇದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

1857ರಲ್ಲಿ ಬ್ರಿಟಿಷರು ಜನರ ಕೈಯಿಂದ ಆಯುಧ ಕಿತ್ತುಕೊಳ್ಳಲು ಹೊರಟರು. ಈಗಿನ ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರು ಕೊಡುವುದಿಲ್ಲ ಅಂದರು. ಬೇಟೆ, ಕಾವಲು ಅವರ ಬದುಕು. ಆಯುಧ ಕೊಟ್ಟರೆ ಉಳಿಯುವುದೇನು? ಸೈನ್ಯ ಬಂತು, ಊರಿಗೆ ಬೆಂಕಿ ಬಿತ್ತು, ಹಿಡಿದವರನ್ನು ನೇಣಿಗೆ ಹಾಕಿದರು. ಶಾಲೆಯಲ್ಲಿ ನಾವೆಲ್ಲ ಓದಿದ್ದೇವೆ. ಅದಾಗಿ ನಾಲ್ಕು ವರ್ಷಕ್ಕೆ, 1861ರಲ್ಲಿ, ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಅದೇ ಬಗೆಯ ನಿರಾಯುಧ ಕಾನೂನಿನಿಂದ ಕೊಡಗಿಗೆ ವಿನಾಯ್ತಿ ಕೊಟ್ಟ. ಹೌದು, ನಮ್ಮ ಕಬ್ಬನ್ ಪಾರ್ಕಿನ ಕಬ್ಬನ್. ಕಾರಣ ಅಂತ ಬರೆದದ್ದು ಅವರ ನಿಷ್ಠೆ, ಸರ್ಕಾರಕ್ಕೆ ಮಾಡಿದ ಸೇವೆ. ಎದುರು ನಿಂತವರಿಗೆ ನೇಣು, ಜೊತೆಗೆ ನಿಂತವರಿಗೆ ಕೋವಿ. ಆಳುವವರು ಯಾವಾಗಲೂ ಆಯುಧ ಹಂಚೋದು ಹೀಗೇ.

ಸ್ವಾತಂತ್ರ್ಯ ಬಂದ ಮೇಲೂ ಆ ವಿನಾಯ್ತಿ ಮುಂದುವರಿಯಿತು. 1963ರಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿತು. 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, ಅಂದರೆ 2029ರ ಅಕ್ಟೋಬರ್‌ವರೆಗೆ, ವಿಸ್ತರಿಸಿದೆ. ಅದು ಕೊಡವರಿಗೂ ಇದೆ, ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇದೆ. ಜಮ್ಮಾ ಅಂದರೆ ರಾಜರ ಕಾಲದಲ್ಲಿ ಸೈನಿಕ ಸೇವೆಗೆ ಬದಲಾಗಿ ವಂಶಪಾರಂಪರ್ಯವಾಗಿ ಕೊಟ್ಟ ಜಮೀನು. ಹಾಗಾಗಿ ಜಮ್ಮಾ ಭೂಮಿ ಇರುವ ಅರೆಭಾಷೆ ಗೌಡರೂ, ಬೇರೆ ಜಾತಿಯವರೂ ಇದರಲ್ಲಿ ಬರುತ್ತಾರೆ. ಇದು ಸಮಾನತೆಗೆ ವಿರುದ್ಧ ಅಂತ ನಿಮ್ಮ ಹಾಗೆಯೇ ಕೇಳಿದವರು ಹೈಕೋರ್ಟಿಗೆ ಹೋದರು. 2021ರ ಸೆಪ್ಟೆಂಬರಿನಲ್ಲಿ ಕೋರ್ಟು ಅರ್ಜಿ ವಜಾ ಮಾಡಿತು. ಬಹಳ ಕಾಲದಿಂದ ಬಂದ ಪದ್ಧತಿ, ಹತ್ತೇ ವರ್ಷದ ಅವಧಿ, ಷರತ್ತುಗಳೂ ಇವೆ, ಆದ್ದರಿಂದ ತಪ್ಪಿಲ್ಲ ಅನ್ನೋದು ತೀರ್ಪಿನ ಸಾರ.

ಅಲ್ಲಿ ಕೋವಿ ಬರೀ ಆಯುಧ ಅಲ್ಲ ಅನ್ನೋದು ನಿಜ. ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಎಂಬ ಆಯುಧ ಪೂಜೆಯ ಹಬ್ಬದ ದಿನ ಯಾವುದಾದರೂ ಕೊಡವ ಕುಟುಂಬದ ಮೂಲಮನೆಗೆ, ಅಂದರೆ ಐನ್‌ಮನೆಗೆ ಹೋಗಿ ನೋಡಿ. ಕೋವಿ, ಒಡಿಕತ್ತಿ, ಪೀಚೆಕತ್ತಿ ಎಲ್ಲವನ್ನೂ ತೊಳೆದು, ಒರೆಸಿ, ಗಂಧ ಇಟ್ಟು ಸಾಲಾಗಿ ಇಟ್ಟಿರುತ್ತಾರೆ. ನಳಿಕೆಯ ಬಾಯಿಗೆ ಕೆಂಪು ಹಳದಿಯ ತೋಕ್ ಪೂ ಸಿಕ್ಕಿಸಿರುತ್ತಾರೆ. ನಾವು ಗೌರಿ ಹೂ, ಅಗ್ನಿಶಿಖೆ ಅನ್ನುತ್ತೇವಲ್ಲ, ಅದೇ. ಅವರ ಭಾಷೆಯಲ್ಲಿ ತೋಕ್ ಅಂದರೆ ಕೋವಿ. ಪೂಜೆ ಮುಗಿದ ಮೇಲೆ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ, ಆಮೇಲೆ ಕಡಂಬಿಟ್ಟು, ಪಂದಿಕರಿ. ಹುತ್ತರಿಯಲ್ಲಿ ಕದಿರು ತೆಗೆಯುವಾಗ ಒಂದು ಗುಂಡು. ಗಂಡು ಮಗು ಹುಟ್ಟಿದರೆ ಒಂದು, ಸಾವಾದರೆ ಎರಡು. ಬೆಟ್ಟದಾಚೆಯ ಮನೆಗೆ ಫೋನಿಲ್ಲದ ಕಾಲದಲ್ಲಿ ಸುದ್ದಿ ಮುಟ್ಟಿಸುತ್ತಿದ್ದದ್ದೇ ಹಾಗೆ. (ಹೆಣ್ಣು ಮಗು ಹುಟ್ಟಿದರೆ ಯಾಕಿಲ್ಲ ಅಂತ ನನ್ನನ್ನು ಕೇಳಬೇಡಿ, ಅಲ್ಲಿಯ ಅಜ್ಜಿಯರನ್ನೇ ಕೇಳಿ.)

ಅಧಿಸೂಚನೆಯಲ್ಲಿ ಹುಟ್ಟಿದ ಕುಲ ನೋಡಿ ವಿನಾಯ್ತಿ ಕೊಡುತ್ತಾರಲ್ಲ, ಅದು ಮಾತ್ರ ನನಗೆ ಇವತ್ತಿಗೂ ಗಂಟಲಲ್ಲಿ ಇಳಿಯುವುದಿಲ್ಲ. ಪದ್ಧತಿ ಉಳಿಯಲಿ. ಆದರೆ ಬೆಂಗಳೂರಿನ ಫ್ಲಾಟಿನಲ್ಲಿ ಹುಟ್ಟಿ ಬೆಳೆದವನಿಗೆ ಕುಲದ ಮೇಲೆ ಸಿಗುವ ಸವಲತ್ತು ಅಲ್ಲಿಯ ಕಾಡಂಚಿನಲ್ಲೇ ಬದುಕುವ ಯರವ, ಜೇನುಕುರುಬ ಬುಡಕಟ್ಟಿನವರಿಗೆ ಇಲ್ಲ. ಆನೆ ಇವರ ಬೆನ್ನು ಹತ್ತೋದೇ ಜಾಸ್ತಿ. ಕೊಡಗಿನಲ್ಲಿ ಮನೆಮನೆಗೆ ಕೋವಿ ಇದ್ದೂ ಏನೂ ಆಗಿಲ್ಲ ನೋಡಿ ಅಂತ ವಾದ ಮಾಡುವವರಿಗೆ, ಆಸ್ತಿ ಜಗಳದಲ್ಲಿ ಅಣ್ಣತಮ್ಮಂದಿರು ಕೋವಿ ಎತ್ತಿದ ಸುದ್ದಿ ಅಲ್ಲಿಂದಲೂ ಬರುತ್ತದೆ ಅಂತ ನೆನಪಿಸಬೇಕು. ಸಂಸ್ಕಾರ ಇದೆ, ಹಿರಿಯರ ಕಣ್ಣಿದೆ, ಕೋವಿಗೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಅಭ್ಯಾಸ ಇದೆ. ಇಷ್ಟಿದ್ದೂ ಆಗುತ್ತದೆ ಅಂದರೆ, ಇವು ಯಾವುದೂ ಇಲ್ಲದ ಬಡಾವಣೆಯಲ್ಲಿ?

ಪ್ರಶ್ನೆ: ನಮ್ಮ ಕಡೆ ಮದುವೆ ಮೆರವಣಿಗೆಯಲ್ಲಿ ದೊಡ್ಡವರು ಗಾಳಿಯಲ್ಲಿ ಗುಂಡು ಹಾರಿಸುತ್ತಾರೆ. ಲೈಸೆನ್ಸ್ ಇರುವ ಬಂದೂಕೇ. ಅದಕ್ಕೆ ಅಡ್ಡಿ ಇದೆಯಾ? (ಕಲಬುರಗಿಯಿಂದ)

ಉತ್ತರ: ಇದೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಬೇರೆಯವರ ಜೀವಕ್ಕೆ ಅಪಾಯ ಆಗುವ ಹಾಗೆ ಸಂಭ್ರಮಕ್ಕೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಇಲ್ಲಾ ಒಂದು ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ಮೇಲೆ ಹೋದ ಗುಂಡು ಮೇಲೇ ಇರುವುದಿಲ್ಲ, ಯಾರದಾದರೂ ತಲೆ ಹುಡುಕಿಕೊಂಡು ಇಳಿಯುತ್ತದೆ. ಹಾರಿಸಬೇಕು ಅಂತಲೇ ಇದ್ದರೆ ಗಾಳಿಪಟ ಹಾರಿಸಲಿ.

ಪ್ರಶ್ನೆ: ಗಂಡ ಡಲ್ಲಾಸ್‌ನಲ್ಲಿ ಎಚ್-1ಬಿ ಮೇಲೆ ಇದ್ದಾರೆ, ನಾನು ಮತ್ತು ಇಬ್ಬರು ಮಕ್ಕಳೂ ಇಲ್ಲೇ. ಇವರ ಆಫೀಸಿನವರೆಲ್ಲ ಗನ್ ತೆಗೆದುಕೊಂಡಿದ್ದಾರಂತೆ, ಇವರಿಗೂ ಆಸೆ. ನನಗೆ ಭಯ. ಏನು ಹೇಳಲಿ? (ಟೆಕ್ಸಸ್‌ನಿಂದ)

ಉತ್ತರ: ತಂಗಿ, ಮೊದಲು ಕಾನೂನು ಹೇಳಿ, ಆಮೇಲೆ ಭಯ ಹೇಳಿ. ಗಂಡಸರಿಗೆ ಆ ಕ್ರಮದಲ್ಲಿ ಹೇಳಿದರೆ ಬೇಗ ತಲೆಗೆ ಹೋಗುತ್ತದೆ.

ಎಚ್-1ಬಿ ಥರದ ವೀಸಾ ಮೇಲೆ ಇರುವವರು ಬಂದೂಕು ಹೊಂದುವುದು ಅಲ್ಲಿಯ ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಬೇಟೆಯ ಲೈಸೆನ್ಸ್ ಇರುವವರಿಗೆ, ಇನ್ನು ಕೆಲವರಿಗೆ ವಿನಾಯ್ತಿ ಇದೆ. ಗ್ರೀನ್ ಕಾರ್ಡ್ ಬಂದ ಮೇಲೆ ಲೆಕ್ಕ ಬೇರೆ. ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರಿನಿಂದ 21 ದಾಟಿದ ಬಹಳ ಜನ ಪರ್ಮಿಟ್ ಇಲ್ಲದೆಯೇ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು. ಅದನ್ನು ಕೇಳಿಯೇ ನಿಮ್ಮವರಿಗೆ ಆಸೆ ಹುಟ್ಟಿರಬೇಕು. ಆದರೆ ರಾಜ್ಯದ ಸಡಿಲ ಕಾನೂನು ಫೆಡರಲ್ ನಿಷೇಧವನ್ನು ಅಳಿಸುವುದಿಲ್ಲ. ಒಂದು ಶೋಕಿಗೆ ವೀಸಾ, ಕೆಲಸ, ಮಕ್ಕಳ ಶಾಲೆ ಎಲ್ಲ ಪಣಕ್ಕಿಡುವುದು ಯಾವ ಜಾಣತನ? ವಿನಾಯ್ತಿಯ ದಾರಿ ಹಿಡಿಯುವುದೇ ಆದರೆ ಮೊದಲು ವಕೀಲರನ್ನು ಕೇಳಲಿ. ಗೆಳೆಯರ ಮಾತು ನಂಬೋದು ಬೇಡ.

ಎರಡನೆಯದು ನಿಮ್ಮ ಮನೆಯ ಮಾತಲ್ಲ, ಪಕ್ಕದ ಮನೆಯದು. ಆ ದೇಶದಲ್ಲಿ ಜನರಿಗಿಂತ ಬಂದೂಕುಗಳೇ ಜಾಸ್ತಿ, ನೂರು ಜನಕ್ಕೆ ಸುಮಾರು 120 ಎಂದು 2018ರ ಒಂದು ಅಂದಾಜು. 2020ರಿಂದ ಅಲ್ಲಿ ಒಂದರಿಂದ ಹತ್ತೊಂಬತ್ತು ವರ್ಷದೊಳಗಿನವರ ಸಾವಿಗೆ ಮೊದಲ ಕಾರಣವೇ ಗುಂಡು, ರಸ್ತೆ ಅಪಘಾತಕ್ಕಿಂತಲೂ ಮೇಲೆ. ಹಾಗಾಗಿ ಮಕ್ಕಳನ್ನು ಗೆಳೆಯರ ಮನೆಗೆ ಆಟಕ್ಕೆ ಕಳಿಸುವ ಮುಂಚೆ "ನಿಮ್ಮ ಮನೆಯಲ್ಲಿ ಗನ್ ಇದೆಯಾ? ಬೀಗ ಹಾಕಿದ್ದೀರಾ?" ಎಂದು ನೇರವಾಗಿ ಕೇಳಿ. ನಮಗೆ ಸಂಕೋಚ ಅನಿಸುತ್ತದೆ. ಅಲ್ಲಿ ನಾಯಿ ಇದೆಯಾ, ಈಜುಕೊಳ ಇದೆಯಾ, ಮಗುವಿಗೆ ಶೇಂಗಾ ಆಗಲ್ಲ ಅಂತೆಲ್ಲ ಹೇಳುವ ಜೊತೆಗೆ ಇದನ್ನೂ ಕೇಳುವ ಅಪ್ಪ ಅಮ್ಮಂದಿರು ಬೇಕಾದಷ್ಟಿದ್ದಾರೆ. ಮಕ್ಕಳ ಕೈಗೆ ಸಿಗುವ ಹಾಗೆ ಬಂದೂಕು ಇಡುವುದು ಟೆಕ್ಸಸ್‌ನಲ್ಲೂ ಅಪರಾಧವೇ.

ಪ್ರಶ್ನೆ: ಪ್ರಜೆಗಳ ಕೈಯಲ್ಲಿ ಬಂದೂಕಿದ್ದರೆ ಸರ್ಕಾರ ಹದ್ದುಬಸ್ತಿನಲ್ಲಿ ಇರುತ್ತದೆ. ಗಾಂಧೀಜಿ ಕೂಡ ಬ್ರಿಟಿಷರ ಶಸ್ತ್ರ ಕಾಯ್ದೆಯನ್ನು ಖಂಡಿಸಿದ್ದರಲ್ಲ? ನಮ್ಮ ಸಂವಿಧಾನ ಯಾಕೆ ಈ ಹಕ್ಕು ಕೊಡಲಿಲ್ಲ? (ಧಾರವಾಡದ ವಿದ್ಯಾರ್ಥಿ)

ಉತ್ತರ: ಓದಿಕೊಂಡು ಬಂದಿದ್ದೀರಿ, ಸಂತೋಷ. ಇಡೀ ದೇಶವನ್ನೇ ನಿರಾಯುಧ ಮಾಡಿದ ಕಾಯ್ದೆಯನ್ನು ಬ್ರಿಟಿಷರ ಅತಿ ಕೆಟ್ಟ ಕೆಲಸಗಳ ಸಾಲಿಗೆ ಗಾಂಧೀಜಿ ಸೇರಿಸಿದ್ದು ನಿಜ. 1878ರ ಆ ಕಾಯ್ದೆಯಲ್ಲಿ ಯುರೋಪಿನವರಿಗೆ ಒಂದು ನ್ಯಾಯ, ನಮಗೆ ಒಂದು ನ್ಯಾಯ ಇತ್ತು. ಕಾಂಗ್ರೆಸ್ಸಿನ 1931ರ ಕರಾಚಿ ಗೊತ್ತುವಳಿಯಲ್ಲೂ ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕು ಸೇರಿತ್ತು.

ನಿಮಗೆ ಇನ್ನೊಂದು ಸಂಗತಿ ಹೇಳುತ್ತೇನೆ. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಇದನ್ನು ಮೂಲಭೂತ ಹಕ್ಕು ಮಾಡಿ ಅಂತ ತಿದ್ದುಪಡಿ ತಂದವರು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್. ಅಂಬೇಡ್ಕರ್ ಒಪ್ಪಲಿಲ್ಲ. ಪ್ರತಿಯೊಬ್ಬನೂ ಯಾವ ತಡೆಯೂ ಇಲ್ಲದೆ ಪೇಟೆಗೆ ಹೋಗಿ ಬೇಕಾದ ಆಯುಧ ಕೊಳ್ಳುವ ಹಾಗಾದರೆ ಸರ್ಕಾರ ನಡೆಸೋದು ಹೇಗೆ ಅನ್ನೋದು ಅವರ ವಾದ. ತಿದ್ದುಪಡಿ ಬಿದ್ದುಹೋಯಿತು. ನಾನು ಅಂಬೇಡ್ಕರ್ ಪಕ್ಷ. 1948ರಲ್ಲಿ ಹಳ್ಳಿಯಲ್ಲಿ ಯಾರ ಹತ್ತಿರ ಕೋವಿ ಕೊಳ್ಳುವ ದುಡ್ಡಿತ್ತು? ಗೌಡ, ಜಹಗೀರದಾರ, ದೇಸಾಯಿ. ಎಲ್ಲರಿಗೂ ಹಕ್ಕು ಅಂತ ಕೊಟ್ಟಿದ್ದರೆ ಆಯುಧ ಬರುತ್ತಿದ್ದದ್ದು ಅವರ ಕೈಗೆ, ಗುರಿ ಕೇರಿಯ ಕಡೆಗೆ. ಇವತ್ತಿಗೂ ಸರ್ಕಾರ ಹೆದರುವ ಮುಂಚೆ ಹೆದರುವವನು ಪಕ್ಕದ ಹೊಲದ ಬಡವ.

ಇನ್ನು ಬಂದೂಕಿಗೆ ಸರ್ಕಾರ ಹೆದರುತ್ತದೆ ಅನ್ನೋ ಮಾತು. ಸರ್ಕಾರದ ಹತ್ತಿರ ಟ್ಯಾಂಕು, ಡ್ರೋನು ಇವೆ. ನಿಮ್ಮ ಕೈಯ ಪಿಸ್ತೂಲು ನೋಡಿ ಅದು ನಗುತ್ತದೆ. ವೋಟು, ಮಾಹಿತಿ ಹಕ್ಕಿನ ಅರ್ಜಿ, ರಸ್ತೆಗಿಳಿದ ರೈತರ ಸಾಲು ನೋಡಿದರೆ ಸ್ವಲ್ಪ ಬೆವರುತ್ತದೆ.

ಪ್ರಶ್ನೆ: ಕ್ರಿಮಿನಲ್‌ಗಳು ಹೇಗೂ ಕಳ್ಳ ಪಿಸ್ತೂಲು ತರುತ್ತಾರೆ. ಕಾನೂನು ಪಾಲಿಸುವವನಿಗೆ ಮಾತ್ರ ಯಾಕೆ ಕಟ್ಟುಪಾಡು? (ಹುಬ್ಬಳ್ಳಿಯಿಂದ)

ಉತ್ತರ: ಈ ವಾದದಲ್ಲಿ ಅರ್ಧ ಸತ್ಯ ಇದೆ, ಅದಕ್ಕೇ ಅಪಾಯ. ನಮ್ಮ ದೇಶದಲ್ಲಿ ಗುಂಡಿಗೆ ಬಲಿಯಾಗುವವರಲ್ಲಿ ಹೆಚ್ಚಿನವರನ್ನು ಕೊಲ್ಲುವುದು ಲೈಸೆನ್ಸ್ ಇಲ್ಲದ ಆಯುಧವೇ. 2015ರ ಆಗಸ್ಟ್ 30ರಂದು ನಿಮ್ಮ ಪಕ್ಕದ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರ ಮನೆ ಬಾಗಿಲು ತಟ್ಟಿದವರ ಹತ್ತಿರ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರ ಮನೆ ಮುಂದೆ ನಿಂತವರ ಹತ್ತಿರ ಇದ್ದದ್ದು 7.65 ಎಂ.ಎಂ. ನಾಡ ಪಿಸ್ತೂಲು. ಎರಡೂ ಕೊಲೆಗೆ ಬಳಸಿದ್ದು ಒಂದೇ ಆಯುಧ ಎಂದು ತನಿಖಾ ತಂಡ ಹೇಳಿತು.

ಈಗ ಹೇಳಿ, ಅವರಿಬ್ಬರ ಹತ್ತಿರವೂ ಲೈಸೆನ್ಸ್ ಪಿಸ್ತೂಲು ಇದ್ದಿದ್ದರೆ? ಒಬ್ಬರು ಬೆಳಿಗ್ಗೆ ಯಾರೋ ಬಂದಿದ್ದಾರೆ ಅಂತ ಬಾಗಿಲಿಗೆ ಬಂದವರು. ಇನ್ನೊಬ್ಬರು ರಾತ್ರಿ ಕೆಲಸ ಮುಗಿಸಿ ಮನೆಗೆ ಬಂದವರು. ಹೊಡೆಯಬೇಕು ಅಂತ ತೀರ್ಮಾನ ಮಾಡಿಕೊಂಡು ಬಂದವನ ಕೈ ಯಾವಾಗಲೂ ಮೊದಲು ಏಳುತ್ತದೆ. ಕಳ್ಳ ಪಿಸ್ತೂಲು ನಿಲ್ಲಬೇಕಾದರೆ ಬಿಹಾರದ ಮುಂಗೇರಿನಂಥ ಕಡೆ ಅದನ್ನು ತಯಾರಿಸುವ ಕುಲುಮೆಯಿಂದ ನಿಮ್ಮೂರ ಬಸ್‌ಸ್ಟ್ಯಾಂಡಿನವರೆಗಿನ ಸರಪಳಿ ಕಡಿಯಬೇಕು. ಅಕ್ರಮವಾಗಿ ಆಯುಧ ತಯಾರಿಸಿದವನಿಗೆ ಈಗ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ ಇದೆ. ಮೊದಲು ಅವನನ್ನು ಹಿಡಿಯಲಿ.

ಪ್ರಶ್ನೆ: ಹೆಣ್ಣುಮಕ್ಕಳಿಗಾದರೂ ರಿವಾಲ್ವರ್ ಕೊಡಬಹುದಲ್ಲ? (ದಾವಣಗೆರೆಯಿಂದ)

ಉತ್ತರ: ಕೊಟ್ಟು ನೋಡಿದ್ದಾರೆ. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ 'ನಿರ್ಭೀಕ್' ಅಂತ ಹೆಂಗಸರಿಗೇ ಹಗುರದ ರಿವಾಲ್ವರ್ ಮಾಡಿತು. ಬೆಲೆ ಒಂದು ಲಕ್ಷ ಇಪ್ಪತ್ತೆರಡು ಸಾವಿರದ ಮೇಲೆ. ರಾತ್ರಿ ಹತ್ತು ಗಂಟೆಗೆ ಗಾರ್ಮೆಂಟ್ಸ್ ಶಿಫ್ಟ್ ಮುಗಿಸಿ ಬಸ್ಸಿಗೆ ಕಾಯುವ ಹುಡುಗಿ ಇದನ್ನು ಕೊಳ್ಳುತ್ತಾಳಾ? ಅವಳಿಗೆ ಬೇಕಾಗಿರೋದು ಆ ಬಸ್ಸು. ಇನ್ನು ಹೆಂಗಸರಿಗೆ ಅಪಾಯ ಬೀದಿಗಿಂತ ಮನೆಯೊಳಗೇ ಜಾಸ್ತಿ. ಅಲ್ಲಿ ರಿವಾಲ್ವರ್ ಯಾರ ಹೆಸರಲ್ಲಿದೆ ಅನ್ನೋದಕ್ಕಿಂತ ಯಾರ ಕೈಗೆ ಸಿಗುತ್ತದೆ ಅನ್ನೋದು ಮುಖ್ಯ.

ಪ್ರಶ್ನೆ: ಮಗ ಹನ್ನೆರಡು ವರ್ಷದವನು, ಏರ್‌ಗನ್ ಬೇಕು ಅಂತ ಹಟ. ಕೊಡಿಸಲಾ? (ಶಿರಸಿಯಿಂದ)

ಉತ್ತರ: ಕಡಿಮೆ ಶಕ್ತಿಯ .177 ಏರ್‌ಗನ್‌ಗೆ ಲೈಸೆನ್ಸ್ ಬೇಡ. ಅಂಗಡಿಯವನು ಇಷ್ಟು ಮಾತ್ರ ಹೇಳುತ್ತಾನೆ. ಆ ಪೆಲ್ಲೆಟ್ಟು ಕಣ್ಣು ತೆಗೆಯಬಲ್ಲದು, ಅದರಿಂದ ಹಕ್ಕಿ ಹೊಡೆದರೆ ವನ್ಯಜೀವಿ ಕಾಯ್ದೆಯಲ್ಲಿ ಕೇಸಾಗುತ್ತದೆ ಅನ್ನೋದನ್ನು ಹೇಳುವುದಿಲ್ಲ. ಹುಡುಗನಿಗೆ ನಿಜವಾಗಿ ಗುರಿಯ ಹುಚ್ಚಿದ್ದರೆ ಶೂಟಿಂಗ್ ಕ್ಲಬ್ಬಿಗೆ ಸೇರಿಸಿ. ಅಲ್ಲಿ ಮೊದಲ ಪಾಠವೇ ನಳಿಕೆ ಯಾವ ಕಡೆ ತಿರುಗಿರಬೇಕು ಅನ್ನೋದು.

ಪ್ರಶ್ನೆ: ಹೋದ ವರ್ಷ ಅಪ್ಪ ತೀರಿಕೊಂಡರು. ಅವರ ಜೋಡಿ ನಳಿಕೆ ಕೋವಿ ಅಟ್ಟದ ಮೇಲಿದೆ. ಲೈಸೆನ್ಸ್ ಅವರ ಹೆಸರಲ್ಲಿತ್ತು, ಅವಧಿಯೂ ಮುಗಿದಿದೆ. ನಾನು ಮೈಸೂರಿನಲ್ಲಿ ಕೆಲಸದಲ್ಲಿದ್ದೇನೆ, ಊರಲ್ಲಿ ಅಮ್ಮ ಒಬ್ಬರೇ. ಅಪ್ಪನ ನೆನಪು, ಕೊಡಲು ಮನಸ್ಸಿಲ್ಲ. ಏನು ಮಾಡಲಿ? (ಮೂಡಿಗೆರೆ ಮೂಲದವರು)

ಉತ್ತರ: ತಡ ಮಾಡಬೇಡಿ. ಅವಧಿ ಮುಗಿದ ಲೈಸೆನ್ಸಿನ ಕೋವಿ ಮನೆಯಲ್ಲಿ ಇದ್ದರೆ ಅದು ಅಕ್ರಮ ಆಯುಧವೇ, ನೆನಪು ಅಂತ ಕಾನೂನು ಕೇಳುವುದಿಲ್ಲ. ಮೊದಲು ನಿಮ್ಮೂರ ಠಾಣೆಗೆ ಫೋನ್ ಮಾಡಿ ವಿಷಯ ತಿಳಿಸಿ, ಹೇಗೆ ತರಬೇಕು ಅಂತ ಕೇಳಿ. ಅಪ್ಪನ ಮರಣ ಪತ್ರ, ಲೈಸೆನ್ಸ್ ಪುಸ್ತಕ ಇಟ್ಟು ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕು ಅಂಗಡಿಯಲ್ಲೋ ಠೇವಣಿ ಇಡಿ. ರಸೀದಿ ತಪ್ಪದೆ ಪಡೆಯಿರಿ, ಅದರಲ್ಲಿ ಕೋವಿಯ ನಂಬರು ಸರಿಯಾಗಿ ಬರೆದಿದ್ದಾರಾ ನೋಡಿ.

ಕೊಟ್ಟರೆ ಹೋಯಿತು ಅಂತ ಅಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು. ಅಮ್ಮ ಮತ್ತು ಒಡಹುಟ್ಟಿದವರ ಒಪ್ಪಿಗೆ ಪತ್ರ, ಆರೋಗ್ಯದ ಸರ್ಟಿಫಿಕೇಟು, ಕೋವಿ ಬಳಸುವ ತರಬೇತಿಯ ಸರ್ಟಿಫಿಕೇಟು ಬೇಕಾಗುತ್ತದೆ. ಪೊಲೀಸ್ ವರದಿ ಆಗುತ್ತದೆ, ಆಮೇಲೆ ಡಿಸಿ ತೀರ್ಮಾನ. ನಿರಾಕರಿಸಿದರೆ ಕಾರಣ ಬರೆದು ಕೊಡಿ ಅಂತ ಕೇಳಿ, ಮೇಲ್ಮನವಿಗೆ ಅವಕಾಶ ಇದೆ. ಈಗ ಒಬ್ಬರಿಗೆ ಎರಡೇ ಆಯುಧ, ಲೈಸೆನ್ಸ್ ಅವಧಿ ಐದು ವರ್ಷ. ನೀವು ಮೈಸೂರಿನಲ್ಲಿ, ಕೋವಿ ಊರಿನಲ್ಲಿ, ನೋಡಿಕೊಳ್ಳುವವರು ವಯಸ್ಸಾದ ಅಮ್ಮ ಅಂದರೆ ನಾನಾಗಿದ್ದರೆ ಮಾರಿಬಿಡುತ್ತಿದ್ದೆ. ನಿಮ್ಮ ಮನಸ್ಸು ನಿಮಗೆ ಗೊತ್ತು.

ಇನ್ನೊಂದು. ಅಟ್ಟದಿಂದ ಇಳಿಸುವಾಗ ನಳಿಕೆಯಲ್ಲಿ ತೋಟಾ ಇದೆಯಾ ಅಂತ ನೀವೇ ಬಗ್ಗಿ ನೋಡಲು ಹೋಗಬೇಡಿ. ಹಂದಿ ಬಂದೀತು ಅಂತ ತುಂಬಿಟ್ಟು ಮರೆತ ಕೋವಿಗಳು ಎಷ್ಟೋ ಇವೆ. ಅಕ್ಕಪಕ್ಕದಲ್ಲಿ ಲೈಸೆನ್ಸ್ ಇರುವ, ಕೋವಿ ಬಲ್ಲ ಹಿರಿಯರು ಇದ್ದರೆ ಅವರನ್ನು ಕರೆಯಿರಿ. ಇಲ್ಲದಿದ್ದರೆ ಇದ್ದಲ್ಲೇ ಬಿಟ್ಟು ಪೊಲೀಸರಿಗೇ ಇಳಿಸಲು ಹೇಳಿ. ತೋಟಾದ ಪೆಟ್ಟಿಗೆ ಬೇರೆ ಎಲ್ಲಾದರೂ ಇದ್ದೀತು, ಅಮ್ಮನನ್ನು ಕೇಳಿ ಅದನ್ನೂ ಹುಡುಕಿಸಿ.